ಬಳಚು ಇಲ್ಲವೆಂದು ಬರೆದವಳು

ಹೊನ್ನಾವರ
೯ ಜುಲೈ ೨೦೨೪

ಪ್ರೀತಿಯ ವಸಂತಿ,

ಹೇಗಿದ್ದೀಯೆ? ಮೊಣಕಾಲು ನೋವು ಕಡಿಮೆಯಾಯಿತೇ? ಬೇಸಿಗೆಯಲ್ಲಿ ನೀನು ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿ ಮುಗಿದು ಭರಣಿ ತೊಳೆದಿಟ್ಟಾಯಿತು, ನನ್ನಿಂದ ಒಂದು ಮಾತು ಬರಲಿಲ್ಲ. ಬೈಯುವುದಿದ್ದರೆ ಬೈದುಬಿಡು. ನಾಲ್ಕು ಸಲ ಫೋನು ಕೈಗೆತ್ತಿಕೊಂಡು ಕೆಳಗಿಟ್ಟೆ. ನಿನ್ನ ದನಿ ಕೇಳಿದರೆ ಹೇಳಲಾರೆ, ಅದಕ್ಕೇ ಈ ಕಾಗದ.

ಮೊದಲು ಸುದ್ದಿ. ನನ್ನ ಪ್ರೊಫೆಸರ್ ಬಡ್ತಿಯ ಸಂದರ್ಶನ ಇದೇ ಇಪ್ಪತ್ತೈದಕ್ಕೆ. ಈಗ ಎಲ್ಲದಕ್ಕೂ ಅಂಕ: ಎಷ್ಟು ಲೇಖನ ಬರೆದೆ, ಬೇರೆಯವರು ಅದನ್ನು ಎಷ್ಟು ಸಲ ಉಲ್ಲೇಖಿಸಿದರು, ಯಾರ ಜೊತೆ ಸೇರಿ ಬರೆದೆ. ನಮ್ಮ ಪ್ರಾಂಶುಪಾಲ ಅನಂತಮೂರ್ತಿಯವರು ಕಂಪ್ಯೂಟರ್ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. "ಒಂದೇ ಲೇಖನಕ್ಕೆ ನೂರಾ ಎಂಬತ್ತಾರು ಸೈಟೇಶನ್! ಎಂತದು ಮಾರಾಯ್ರೆ ಇದು!" ಎಂದು ಸ್ಟಾಫ್ ರೂಮಿಗೆಲ್ಲ ಬನ್ಸ್ ತರಿಸಿದರು. ಹದಿನಾಲ್ಕು ವರ್ಷದ ಹಿಂದಿನ, ಶರಾವತಿ ಅಳಿವೆಯ ಬಳಚು ಚಿಪ್ಪಿಯ ಲೇಖನ ಅದು. ನಾನೂ ಎರಡು ಬನ್ಸ್ ತಿಂದು ಸೊಕ್ಕಿನಿಂದಲೇ ಮನೆಗೆ ಬಂದೆ, ಸುಳ್ಳು ಯಾಕೆ ಹೇಳಲಿ.

ಯಾರು ಯಾತಕ್ಕೆ ಉಲ್ಲೇಖಿಸಿದ್ದಾರೆಂದು ಪಟ್ಟಿ ಕೊಡಬೇಕಿತ್ತು. ಜೂನ್ ಮೂವತ್ತರ ಭಾನುವಾರ ಬೆಳಿಗ್ಗೆ ಒಂದೊಂದೇ ಲೇಖನ ತೆರೆಯುತ್ತ ಕೂತೆ. ಹೆಚ್ಚುಕಡಿಮೆ ಎಲ್ಲರೂ ಎತ್ತಿಕೊಂಡದ್ದು ನನ್ನ ಒಂದೇ ವಾಕ್ಯ: ಜೂನ್‌ನಿಂದ ಆಗಸ್ಟ್‌ವರೆಗೆ ಈ ದಂಡೆಯಲ್ಲಿ ಬಳಚು ಸೊನ್ನೆ. ಒಬ್ಬರು ಬರೆದದ್ದನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು. ಹೊಳೆ ನೋಡಿದವರು ಒಬ್ಬರೂ ಇಲ್ಲ. ಕೊನೆಗೆ ಸಿಕ್ಕಿದ್ದು ಯಾವುದೋ ಕಂಪನಿಯ ವರದಿ. ಮಳೆಗಾಲದಲ್ಲಿ ಅಲ್ಲಿ ಬಳಚೇ ಇಲ್ಲವಾದ್ದರಿಂದ ಯಂತ್ರ ಇಳಿಸಿ ಮರಳೆತ್ತಬಹುದಂತೆ. ಆಧಾರ ಎಂದು ಕೆಳಗೆ ನನ್ನ ಹೆಸರು.

ಆಗಲೇ ರಿಕ್ಷಾ ಹಿಡಿದು ಮಾಸ್ತಮ್ಮನ ಮನೆಗೆ ಓಡಿದೆ. ನೆನಪಿದೆಯಲ್ಲ, ದಂಡೆಯ ಮೇಲೆ ನಮ್ಮಿಬ್ಬರಿಗೆ ಬಳಚಿನ ಬುಟ್ಟಿ ಎಣಿಸಲು ಕೊಡುತ್ತಿದ್ದವಳು? ಈಗ ಮುದುಕಿ, ನಾಲಗೆ ಮಾತ್ರ ಹಾಗೇ ಇದೆ. ಮಳೆಗಾಲದಲ್ಲಿ ಬಳಚು ಇರುವುದಿಲ್ಲವಾ ಎಂದು ಕೇಳಿದೆ.

"ಎಂತ ಕೇಳ್ತ್ರಿ ಅಕ್ಕೋರೆ? ಬಳಚು ಎಲ್ಲಿಗೆ ಹೋಗ್ತದೆ? ಮರಿ ಬಿಡೂ ಕಾಲ ಅಂತ ನಾವೇ ಇಳೂದಿಲ್ಲ. ನೂಲ ಹುಣ್ಣಿಮೆ ಆಗೂ ತನ್ಕ ಯಾರೂ ಕೈ ಹಾಕೂದಿಲ್ಲ. ಇದು ನಿಮಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಡಾಕ್ಟರೇಟ್ ಮಾಡಿದವಳಿಗೆ ಗೊತ್ತಿರಲಿಲ್ಲ! ಹೆಂಗಸರು ತರುವ ಬುಟ್ಟಿ ಎಣಿಸಿ ಬಳಚಿನ ಲೆಕ್ಕ ಬರೆದವಳು ನಾನು. ಬುಟ್ಟಿ ಬರಲಿಲ್ಲ, ಸೊನ್ನೆ ಹಾಕಿದೆ. ಅವತ್ತೇ ಇಳಿತದ ಹೊತ್ತು ನೋಡಿ ಸೀರೆ ಎತ್ತಿಕಟ್ಟಿ ಹೊಳೆಯ ಅಂಚಿನಲ್ಲಿ ಇಳಿದೆ. ಮಾಸ್ತಮ್ಮ ದಡದಲ್ಲೇ ನಿಂತಳು, "ನಾ ಬರೂದಿಲ್ಲಪ್ಪ" ಎಂದಳು. ಒಂದು ಬೊಗಸೆ ಕೆಸರಿನಲ್ಲಿ ಒಂಬತ್ತು ಬಳಚು ಸಿಕ್ಕವು. ನಿಂತಲ್ಲೇ ಅಳು ಬಂತು. ಮುದುಕಿ ಗಾಬರಿಯಾಗಿ, "ಆತು ಬಿಡ್ರಿ, ವಾಪಸ್ ಹಾಕಿ ಮೇಲ್ ಬರ್ರಿ" ಎಂದು ಮಗುವನ್ನು ಕರೆದ ಹಾಗೆ ಕರೆದಳು.

ಮರಳಿನ ಅರ್ಜಿಯ ಅಹವಾಲು ಸಭೆ ಕುಮಟೆಯಲ್ಲಿ ಹದಿನೆಂಟಕ್ಕೆ. ಪ್ರಾಂಶುಪಾಲರಿಗೆ ಎಲ್ಲ ಹೇಳಿದೆ. "ತಿದ್ದುಪಡಿ ಸಂದರ್ಶನ ಆದ್ಮೇಲೆ ಕಳ್ಸಿ. ಈಗ ಕಳ್ಸಿದ್ರೆ ಆ ನೂರಾ ಎಂಬತ್ತಾರೂ ಮಣ್ಣುಪಾಲು" ಎಂದರು. ಒಂದು ದಿನ ಯೋಚಿಸಿದೆ. ಆಸೆ ಇರಲಿಲ್ಲವೆಂದು ಹೇಳುವುದಿಲ್ಲ. ಕಳೆದ ಗುರುವಾರ ಲೇಖನ ಅಚ್ಚಾದ ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸಿದೆ, ಒಂದು ಪ್ರತಿ ಕುಮಟೆಗೂ ಕಳಿಸಿದೆ. ಬಡ್ತಿ ಹೋದರೆ ಹೋಗಲಿ.

ಸಾಕ್ಷಿಗೆ ಆಗಿನ ಟಿಪ್ಪಣಿ ಪುಸ್ತಕ ಬೇಕೆಂದು ಪತ್ರಿಕೆಯವರು ಕೇಳಿದರು. ಕಪಾಟಿನ ತಳದಲ್ಲಿ ಸಿಕ್ಕಿತು. ಜುಲೈ ತಿಂಗಳ ಪುಟದ ಬದಿಯಲ್ಲಿ ನಿನ್ನ ಅಕ್ಷರ: "ಹೆಂಗಸರು ಇಳಿಯಲಿಲ್ಲ. ಸೊನ್ನೆ ಬರೆಯಬಾರದು, ಖಾಲಿ ಬಿಡಬೇಕು." ಆಗ ನೀನು ಬಾಯಲ್ಲೂ ಹೇಳಿದ್ದೆ, "ಸೊನ್ನೆ ಬರೆಯಡ ಮಾರಾಯ್ತಿ, ಬಳಚು ಇದ್ದೇ ಇದ್ದು" ಎಂದು. ಖಾಲಿ ಬಿಟ್ಟರೆ ಪಟ್ಟಿ ಚೆನ್ನಾಗಿ ಕಾಣುವುದಿಲ್ಲ ಎಂದಿದ್ದೆ ನಾನು. ಆ ಪುಟದ ಫೋಟೋ ಕಳಿಸಿ, ಬರೆದವಳು ವಸಂತಿ ಹೆಗಡೆ ಎಂದು ಹೆಸರು ಹಾಕಿದ್ದೇನೆ.

ನೀನು ಕಲಿಸುವ ಹೆಬಳೆ ಶಾಲೆಯ ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಮಗಳು ಅರ್ಚಿತಾ ಚೆನ್ನಾಗಿ ಓದಲಿ. ದೇವರು ನಿಮ್ಮ ಮನೆಯನ್ನು ತಣ್ಣಗಿಡಲಿ.

ನಿನ್ನ,
ಮಾಲಿನಿ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಆ ಲೇಖನಕ್ಕೆ ಪತ್ರಿಕೆಯವರು ಒಂದೇ ಹೆಸರು ಸಾಕೆಂದರು ಅಂತ ಆಗ ನಿನಗೆ ಹೇಳಿದ್ದೆನಲ್ಲ, ಹಾಗೆ ಯಾರೂ ಹೇಳಿರಲಿಲ್ಲ. ಇಬ್ಬರ ಹೆಸರಿದ್ದರೆ ಅಂಕ ಹಂಚಿಹೋಗುತ್ತದೆಂದು ನಿನ್ನ ಹೆಸರನ್ನು ನಾನೇ ಹೊಡೆದುಹಾಕಿದೆ. ಮರುವರ್ಷ ಒಂದು ಲೇಖನವೂ ಪ್ರಕಟವಾಗಿಲ್ಲವೆಂದು ನಿನ್ನ ಫೆಲೋಶಿಪ್ ತಪ್ಪಿತು. ಆ ದಿನ ಭಟ್ಕಳ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಕಣ್ಣೊರೆಸಿ, "ನಿನ್ನ ಹಣೆಯಲ್ಲಿ ಬರೆದಿರಲಿಲ್ಲ ಬಿಡು" ಎಂದವಳೂ ನಾನೇ.