ಎಲ್ಲರೂ ಇಳಿದ ಮೇಲೆ

೧೨ ಆಗಸ್ಟ್, ಸೋಮವಾರ

ಪ್ರೀತಿಯ ನಿಧಾನಣ್ಣ,

ನೀನು, ಅತ್ತಿಗೆ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ನೀನು ಬಸ್ಸನ್ನು ಎತ್ತಿನಗಾಡಿಯಂತೆ ಓಡಿಸುತ್ತಿದ್ದರೆ, ಹಿಂದೆ ನಿಂತು ಇಪ್ಪತ್ತೆರಡು ವರ್ಷ ರೈಟ್ ರೈಟ್ ಎಂದು ಗಂಟಲು ಹರಿದುಕೊಂಡ ಕಂಡಕ್ಟರ್ ನಾನು. ಈಗ ನಾಲ್ಕು ಸಾಲು ಬರೆಯಲು ಕೈ ಏಳುವುದಿಲ್ಲ.

ಮೊದಲು ಬೀದಿಯ ಸುದ್ದಿ. ನಮ್ಮ ಕಟ್ಟಡದ ಲಿಫ್ಟು ಮತ್ತೆ ಕೆಟ್ಟಿದೆ. ಮೂರನೇ ಮಹಡಿ ಹತ್ತುವಷ್ಟರಲ್ಲಿ ಮೊಣಕಾಲು ಮಾತಾಡುತ್ತದೆ. ಬಸ್ಸಿನಲ್ಲಿ ಕಂಡಕ್ಟರೇ ಇಲ್ಲ, ಟಿಕೆಟ್ ಕೊಡಲು ಒಂದು ಯಂತ್ರ ಕೂರಿಸಿದ್ದಾರೆ. ಸ್ಟಾಪ್ ಕೂಗುವವರಿಲ್ಲ. "ಹಿಂದಿನ ಸೀಟಲ್ಲಿ ಯಾರಾದ್ರೂ ಉಳಿದಿದ್ದಾರಾ ನೋಡ್ಕೊಂಡು ಬಾರೋ" ಎಂದು ಕೊನೇ ಸ್ಟಾಪಿನಲ್ಲಿ ದಿನಾ ಗದರುತ್ತಿದ್ದೆಯಲ್ಲ, ಆ ಕೆಲಸವೂ ಈಗ ಯಾರದ್ದೂ ಅಲ್ಲ.

ಇನ್ನು ನನ್ನವಳ ವಿಷಯ. ಅವಳಿಗೆ ಮರೆವು ಹತ್ತಿದ್ದು ನಿನಗೆ ಗೊತ್ತು. ಆದರೂ ವಾರಕ್ಕೊಮ್ಮೆ ತಂಗಿಯ ಮನೆಗೆ ಒಬ್ಬಳೇ ಹೋಗಿಬರುವ ಹಟ. ಸ್ಟಾಪಿನ ಹೆಸರು ತಲೆಯಲ್ಲಿ ನಿಲ್ಲುವುದಿಲ್ಲವೆಂದು ಒಂದೇ ಪಾಠ ಹೇಳಿಕೊಟ್ಟಿದ್ದೆ: "ಬರೋವಾಗ ಹದಿನಾಲ್ಕನೇ ನಂಬರ್ ಹತ್ತು. ಎಲ್ಲರೂ ಇಳಿದ ಮೇಲೆ ಇಳಿ." ನಮ್ಮ ಬೀದಿಯೇ ಕೊನೇ ಸ್ಟಾಪಲ್ಲವೇ? ಎರಡು ವರ್ಷ ಒಂದು ಸಲವೂ ತಪ್ಪಲಿಲ್ಲ.

ಏಪ್ರಿಲ್‌ನಲ್ಲಿ ಆ ಬಸ್ಸನ್ನು ರೈಲು ಹಳಿಯಾಚೆಯ ಹೊಸ ಬಡಾವಣೆಯವರೆಗೆ ಮುಂದುವರಿಸಿದರು. ಅಲ್ಲಿನ ಕಟ್ಟಡಗಳನ್ನು ಕಟ್ಟಿದವನೂ ನಮ್ಮದನ್ನು ಕಟ್ಟಿದವನೇ. ಅದೇ ಹಳದಿ ಬಣ್ಣ, ಅದೇ ಇಕ್ಕಟ್ಟಿನ ಮೆಟ್ಟಿಲು. ಆ ವಾರ ಇವಳು ಎಂದಿನಂತೆ ಎಲ್ಲರೂ ಇಳಿದ ಮೇಲೆ, ಅಲ್ಲಿ ಇಳಿದಿದ್ದಾಳೆ. ಮೂರನೇ ಮಹಡಿ ಹತ್ತಿ ಎಡಗಡೆಯ ಬಾಗಿಲಿನ ಬೆಲ್ ಒತ್ತಿದ್ದಾಳೆ. ಆ ಮನೆಗೆ ಇನ್ನೂ ಯಾರೂ ವಾಸಕ್ಕೆ ಬಂದಿರಲಿಲ್ಲ. ನಾನು ಇಲ್ಲಿ ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದೆ.

ರಾತ್ರಿಯೆಲ್ಲ ಹಳಿಯ ಈಚೆ ಹುಡುಕದ ಜಾಗವಿಲ್ಲ. ಮರುದಿನ ಬೆಳಿಗ್ಗೆ ಅಲ್ಲಿನ ಕಾವಲುಗಾರ, ಅವಳ ಚೀಲದ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದ. ಹೋಗಿ ನೋಡಿದರೆ ಬಾಗಿಲಿಗೆ ಒರಗಿ ಕೂತಿದ್ದಳು. ನನ್ನ ಮುಖ ನೋಡಿ, "ಎಷ್ಟು ಸಲ ಬೆಲ್ ಮಾಡಿದೆ ಗೊತ್ತಾ? ನಮ್ಮನೆಯವರು ತೆಗೀಲೇ ಇಲ್ಲ" ಅಂದಳು. ಯಾರೋ ಅಪರಿಚಿತನಿಗೆ ದೂರು ಹೇಳಿದ ಹಾಗೆ.

ಅಂದಿನಿಂದ ನಾನು ಅವಳಿಗೆ ಗಂಡನಲ್ಲ. ನಮ್ಮದೇ ಮನೆಯಲ್ಲಿ ಕಿಟಕಿ ಪಕ್ಕದ ಕುರ್ಚಿಯಲ್ಲಿ, ಚೀಲ ತೊಡೆಯ ಮೇಲಿಟ್ಟುಕೊಂಡು, ಚಪ್ಪಲಿ ಬಿಡದೆ ಕೂರುತ್ತಾಳೆ. ಆಗಾಗ ಕೇಳುತ್ತಾಳೆ: "ಕಂಡಕ್ಟರೇ, ಎಲ್ಲರೂ ಇಳಿದ್ರಾ?" ಹೌದೆಂದರೆ ಎದ್ದು ಹೊರಟುಬಿಡುತ್ತಾಳೆ. ಅದಕ್ಕೇ, "ಇನ್ನೂ ಇಲ್ಲಮ್ಮ, ಕೂತಿರಿ" ಅನ್ನುತ್ತೇನೆ. ಅವಳನ್ನು ಮನೆಗೆ ಕರೆತರುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ ಅಣ್ಣ.

ಕೆಳಗಿನ ಮನೆಯ ಟೈಲರಮ್ಮ ಬಸ್ಸಿನ ಆಫೀಸಿನವರಿಗೆ ದಿನಾ ಶಾಪ ಹಾಕುತ್ತಾರೆ. "ಯಾರನ್ನ ಕೇಳಿ ಬಸ್ಸನ್ನ ಆ ಕಡೆ ಎಳೆದ್ರು ಇವರು?" ಅನ್ನುತ್ತಾರೆ. ನಾನು ತಲೆಯಾಡಿಸಿ ಮೆಟ್ಟಿಲು ಹತ್ತುತ್ತೇನೆ.

ಅತ್ತಿಗೆಗೆ ನಮಸ್ಕಾರ. ಮೊಮ್ಮಗಳು ನಡೆಯಲು ಕಲಿತಳೆಂದು ಬರೆದಿದ್ದೀಯ. ಅವಳ ಕಾಲಿಗೆ ಕಲ್ಲು ತಾಗದಿರಲಿ. ನಿನ್ನ ಹಾಗೆ ನಿಧಾನವಾಗಿಯೇ ನಡೆಯಲಿ.

ಇಂತಿ ನಿನ್ನ,
ರೈಟ್‌ರೈಟ್

ಮರೆತ ಮಾತು: ಬಸ್ ಬೇಕೆಂದು ಹೊಸ ಬಡಾವಣೆಯವರು ಕೊಟ್ಟ ಅರ್ಜಿಯಲ್ಲಿ ಮೊದಲ ಸಹಿ ನನ್ನದು. ನಿವೃತ್ತನಾಗಿ ಆರು ವರ್ಷ, ಕಂಡಕ್ಟರೇ ಎಂದು ಯಾರೂ ಕರೆದಿರಲಿಲ್ಲ. ಅವರು ಕರೆದರು, ನಾನು ಉಬ್ಬಿಹೋದೆ. ಹಳಿಯಾಚೆ ಇನ್ನೂರು ಮನೆಗಳ ಬಾಗಿಲು ತಟ್ಟಿ ಸಹಿ ಹಾಕಿಸಿದೆ. ಮಂಜೂರಾದ ದಿನ ಮತ್ತೆ ಅಷ್ಟೂ ಬಾಗಿಲು ತಟ್ಟಿ, ಕೊನೇ ಸ್ಟಾಪ್ ಇನ್ನು ನಿಮ್ಮದೇ ಎಂದು ಹೇಳಿ ಬಂದೆ. ಇವಳೊಬ್ಬಳಿಗೆ ಹೇಳಲು ಮರೆತೆ.