ಹನ್ನೊಂದರವರೆಗಿನ ಎಣಿಕೆ

ಶನಿವಾರ, ಮಧ್ಯಾಹ್ನ
ಸಭಾಂಗಣದ ಹಿಂದಿನ ಕೋಣೆ

ನನ್ನ ಮೇಲೆ ಮುನಿದು ಕೂತಿರುವ ಅಕ್ಕನಿಗೆ,

ಫೋನು ಎತ್ತುತ್ತಿಲ್ಲ. ಮನೆಗೆ ಬಂದರೆ ಭಾವ ಬಾಗಿಲಲ್ಲೇ ನಿಂತು, "ಮಲಗಿದ್ದಾಳೆ ಕಣಮ್ಮ" ಎಂದರು. ಬೆಳಿಗ್ಗೆ ಹತ್ತು ಗಂಟೆಗೆ ಮಲಗುವ ಜಾಯಮಾನ ನಿನ್ನದಲ್ಲ ಎಂದು ನನಗೆ ಗೊತ್ತಿಲ್ಲವೇ? ಅದಕ್ಕೇ ಇದನ್ನು ಬರೆದು ಸಂಜೆ ಭಾವನ ಕೈಗೆ ಕೊಡುತ್ತೇನೆ. ಬರೆಯುತ್ತಾ ಆಗಲೇ ಮೂರು ಸಲ ಎದ್ದೆ. ಮಡಿಸಿದ ಪರದೆಯನ್ನೇ ಮತ್ತೆ ಮಡಿಸಿದೆ, ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದೆ.

ನಾಳೆಯ ನಾಟಕದಲ್ಲಿ, ಮರೆತ ಮಾತು ಎತ್ತಿಕೊಡಲು ನಾನು ಪಕ್ಕದ ಪರದೆಯ ಹಿಂದೆ ಕೂತರೆ ನೀನು ರಂಗದ ಮೇಲೆ ಕಾಲಿಡುವುದಿಲ್ಲ ಎಂದೆಯಂತೆ. ನಿರ್ದೇಶಕರು ನನ್ನ ಮುಖ ನೋಡದೆ, "ಒಂದಿನದ ಮಟ್ಟಿಗೆ ಟೈಲರಣ್ಣ ಕೂರ್ಲಿ ಬಿಡಿ" ಎಂದರು. ವೇಷ ಹೊಲಿಯುವುದರಲ್ಲಿ ಅವರನ್ನು ಬಿಟ್ಟರಿಲ್ಲ, ಒಪ್ಪುತ್ತೇನೆ. ಆದರೆ ನಾಟಕ ನೋಡುತ್ತಾ ಬಾಯಿ ಬಿಟ್ಟು ಕೂತರೆಂದರೆ ಆ ಮನುಷ್ಯನಿಗೆ ಪುಟ ತಿರುವುವುದೇ ಮರೆತುಹೋಗುತ್ತದೆ.

ಹೋದ ಭಾನುವಾರದ ಪ್ರದರ್ಶನದಲ್ಲಿ ಆದದ್ದನ್ನು ಹೇಳಿಬಿಡುತ್ತೇನೆ. ಮೂರನೇ ದೃಶ್ಯದಲ್ಲಿ, ವಾಪಸು ಬರಲೇ ಎಂದು ಕೇಳಿ ಬಿಟ್ಟುಹೋದ ಗಂಡನ ಕಾಗದ ಬರುತ್ತದೆ. ನೀನು ಲಕೋಟೆ ಒಡೆದು, ಓದಿ, ಐದು ಎಣಿಸುವಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಮಾತಾಡಬೇಕು. ಆ ಐದು ನಿನ್ನದೇ ಹಟ. ತಾಲೀಮಿನಲ್ಲಿ ನಾನೊಮ್ಮೆ ಮೂರಕ್ಕೇ ಮಾತು ಎತ್ತಿಕೊಟ್ಟು ಎಲ್ಲರೆದುರು ನಿನ್ನಿಂದ ಬೈಸಿಕೊಂಡಿದ್ದೆ. ಹಾಗಾಗಿ, ಅವತ್ತು ಮಾತು ಎತ್ತಿಕೊಡದಿದ್ದುದಕ್ಕೆ, ನೀನು ಮೌನವನ್ನು ಬೇಕೆಂದೇ ಎಳೆಯುತ್ತಿದ್ದೀಯ ಅಂದುಕೊಂಡೆ ಎಂದು ಎಲ್ಲರಿಗೂ ಹೇಳಿದೆ. ಎಲ್ಲರೂ ನಂಬಿದರು. ನೀನು ಮಾತ್ರ ನಂಬಲಿಲ್ಲ.

ನಂಬದಿದ್ದದ್ದೇ ಸರಿ. ಮಾತು ಮರೆತಾಗ ಚಿಕ್ಕಂದಿನಿಂದಲೂ ನಿನ್ನ ಎಡಗಾಲಿನ ಹೆಬ್ಬೆರಳು ನೆಲ ಕೆರೆಯುತ್ತದೆ. ಅವತ್ತು ಕೆರೆಯುತ್ತಿತ್ತು. ಆರು, ಏಳು ಎಣಿಸಿದೆ. ಎಂಟಕ್ಕೆ ನೀನು ನನ್ನ ಕಡೆ ನೋಡಿದೆ. ಕೈಯಲ್ಲಿ ಖಾಲಿ ಹಾಳೆ, ಮುಖವೆಲ್ಲ ಬೆವರು. ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹನ್ನೊಂದರವರೆಗೂ ಎಣಿಸಿದೆ. ಜನ ನಕ್ಕರು. ಮಗಳ ಪಾತ್ರದವಳು ತನ್ನ ಸರದಿಗೆ ಮುಂಚೆಯೇ ರಂಗಕ್ಕೆ ಬಂದು ಹೇಗೋ ಸಾಗಿಸಿದಳು.

ಯಾಕೆ ಹಾಗೆ ಮಾಡಿದೆ ಗೊತ್ತೇ? ಅವತ್ತು ನಾಟಕಕ್ಕೆ ಮುಂಚೆ ಚಹಾ ಕುಡಿಯುವಾಗ ಯಾರೋ ನಾನ್ಯಾರು ಎಂದು ಕೇಳಿದರು. ನೀನು, "ನನ್ ತಂಗಿ, ಮನೇಲಿ ಸುಮ್ನೆ ಕೂತಿರ್ತಾಳೆ, ಹೊತ್ತು ಹೋಗ್ಲಿ ಅಂತ ಕರ್ಕೊಂಡ್ ಬರ್ತೀನಿ" ಎಂದೆ. ಒಂಬತ್ತು ವರ್ಷದಿಂದ ಆ ಪರದೆಯ ಹಿಂದೆ ಕೂತಿದ್ದೇನೆ, ಅಕ್ಕಾ! ಎಲ್ಲ ನಾಟಕಗಳಲ್ಲಿ ನೀನಾಡಿದ ಒಂದೊಂದು ಮಾತೂ ನನಗೆ ಬಾಯಿಪಾಠ. ಸುಮ್ಮನೆ ಕೂರುವುದೆಂದರೆ ಏನೆಂದು ತೋರಿಸೋಣ ಅನ್ನಿಸಿತು. ತೋರಿಸಿದೆ. ಅವತ್ತಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ.

ತಪ್ಪು ನನ್ನದು. ನೀನು ಆಡಿದ್ದೂ ತಪ್ಪೇ, ಅದನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ನಾಳೆ ಕುರ್ಚಿ ಟೈಲರಣ್ಣನಿಗೇ ಇರಲಿ. ರಂಗದ ಸಾಮಾನುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು ನಾನು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿರುತ್ತೇನೆ, ನಿನ್ನ ಕಣ್ಣಿಗೆ ಬೀಳುವುದಿಲ್ಲ. ಹೆದರಬೇಡ.

ನಿನ್ನ ಮಾತುಗಳನ್ನೇ ಒಪ್ಪಿಸುತ್ತಾ ಬೆಳೆದ
ಗಿಣಿ

ಇನ್ನೊಂದು ಮಾತು: ನಾಳೆ ಆ ಲಕೋಟೆಯಲ್ಲಿ ಖಾಲಿ ಹಾಳೆ ಇರುವುದಿಲ್ಲ. ಕನ್ನಡಕವಿಲ್ಲದೆಯೂ ನಿನಗೆ ಕಾಣುವಷ್ಟು ದಪ್ಪ ಅಕ್ಷರಗಳಲ್ಲಿ, ಅವತ್ತು ನೀನು ಮರೆತ ಮಾತನ್ನು ಬರೆದಿಟ್ಟಿದ್ದೇನೆ: "ಬಾ ಅನ್ನೋದಕ್ಕೂ ಸಿಟ್ಟು ಬರುತ್ತೆ. ಆದ್ರೂ ಬಾ." ಐದು ಎಣಿಸಿಯೇ ಹೇಳು. ಹಿಂಬಾಗಿಲ ಮೆಟ್ಟಿಲಿಗೂ ಕೇಳುವ ಹಾಗೆ ಹೇಳು.