ಅಡುಗೆಮನೆಯ ಒಂದು ನಿಮಿಷ

ಅಕ್ಟೋಬರ್ 14, ಮಂಗಳವಾರ

ಪ್ರೀತಿಯ ಕತ್ತರಿ,

ನಿನ್ನ ಪತ್ರ ಬಂದು ಏಳು ತಿಂಗಳಾಯಿತು. ನನ್ನವಳು ಹೋದ ಸುದ್ದಿ ಕೇಳಿ ಪಾಪ ನೀನು ನಾಲ್ಕು ಪುಟ ಬರೆದಿದ್ದೆ. ನಾನು ನಾಲ್ಕು ಸಾಲು ಬರೆಯದೆ ಗೂಬೆಯ ಹಾಗೆ ಕೂತುಬಿಟ್ಟೆ. ಬೈಯುವುದಿದ್ದರೆ ಬೈದುಕೋ. ಮೂವತ್ತು ವರ್ಷ ಸಿನಿಮಾದವರ ನಡುವೆ ಮೈಕು ಹಿಡಿದು ಬದುಕಿದವನಿಗೆ ಬೈಗುಳವೇನೂ ಹೊಸದಲ್ಲ. ನಿನ್ನ ಮಂಡಿನೋವು ಹೇಗಿದೆ? ಮೊಮ್ಮಗಳು ಇನ್ನೂ ನಿನ್ನ ಕನ್ನಡಕ ಕಿತ್ತುಕೊಂಡು ಓಡುತ್ತಾಳೆಯೇ? ಹಳೆಯ ಚಿತ್ರಗಳ ಡಿಸ್ಕು ತುಂಬಿಟ್ಟಿರುವ ಆ ಟ್ರಂಕಿಗೆ ಮಗಳು ಮನೆಯಲ್ಲಿ ಜಾಗ ಕೊಟ್ಟಳೋ, ಅಪ್ಪನನ್ನೂ ಟ್ರಂಕನ್ನೂ ಒಟ್ಟಿಗೇ ಬಾಲ್ಕನಿಗೆ ತಳ್ಳಿದಳೋ?

ಟ್ರಂಕಿನ ಮಾತು ಸುಮ್ಮನೆ ಎತ್ತಲಿಲ್ಲ. ಸುತ್ತಿಬಳಸುವ ತಾಳ್ಮೆ ನನಗಿಲ್ಲ, ನೇರವಾಗಿ ಹೇಳುತ್ತೇನೆ. ಅದರೊಳಗೆ ನನ್ನ ಹೆಂಡತಿಯ ದನಿ ಇರಬಹುದು. ಅದು ನನಗೆ ಬೇಕು.

ಹೋದ ತಿಂಗಳು ನಾದಿನಿ ಬಂದಿದ್ದಳು. ಅಕ್ಕನ ಕಪಾಟು ಖಾಲಿ ಮಾಡುತ್ತಾ, "ಭಾವ, ಅಕ್ಕನ ದನಿ ಎಲ್ಲಾದ್ರೂ ಇದ್ಯಾ? ಒಂದ್ಸಲ ಕೇಳ್ಬೇಕು ಅನ್ಸುತ್ತೆ. ಊರೋರ್ದೆಲ್ಲ ಹಿಡಿದಿಟ್ಟಿದ್ದೀರಲ್ಲ ನೀವು" ಎಂದಳು. ಇರದೆ ಏನು, ಹುಡುಕಿ ಕೊಡುತ್ತೇನೆ ಎಂದು ಜಂಬ ಕೊಚ್ಚಿದೆ. ಮೂರು ವಾರ ಹುಡುಕಿದೆ. ಹನ್ನೆರಡು ಬಗೆಯ ಬಸ್ಸಿನ ಬಾಗಿಲು ಸಿಕ್ಕಿತು. ಗಡಿಯಾರ ರಿಪೇರಿಯವನ ಕೆಮ್ಮು ಸಿಕ್ಕಿತು. ನೆಲ ಒರೆಸುವ ಬಟ್ಟೆ ಹಿಂಡುವ ಸದ್ದೇ ನಲವತ್ತು ನಿಮಿಷ ಇದೆ ನನ್ನ ಬಳಿ. ಇಪ್ಪತ್ತೆಂಟು ವರ್ಷ ಜೊತೆಗಿದ್ದವಳದು ಏನೂ ಸಿಗಲಿಲ್ಲ. ಫೋನಿಗೆ ಅವಳು ಕಳಿಸುತ್ತಿದ್ದ ಮಾತುಗಳನ್ನು ಕೇಳಿದ ಕೂಡಲೇ ಅಳಿಸುತ್ತಿದ್ದೆ. ಫೋನಿನ ಧ್ವನಿ ಕಸ, ಅದನ್ನು ಯಾರು ಇಟ್ಟುಕೊಳ್ಳುತ್ತಾರೆ ಎನ್ನುವ ಕೊಬ್ಬು. ನಾದಿನಿಗೆ ಫೋನ್ ಮಾಡಿ ಇಲ್ಲ ಎಂದೆ.

ಹೀಗಿರುವಾಗ ಹೋದ ವಾರ ಗಡ್ಡ ಬಂದಿದ್ದ. ಅದೇ ಕಣಯ್ಯಾ, ನಮ್ಮ 'ನಗರದ ಐದು ನಿಮಿಷ'ದ ಮಹಾನಿರ್ದೇಶಕ. ನೀನು ನಿವೃತ್ತನಾಗಿ ಬಚಾವಾದೆ. ಮಹಾನಗರದ ದಿನನಿತ್ಯದ ಬದುಕು ಎಂದು ಹೇಳಿಕೊಂಡು ಅವನು ಈಗ ಮೂವತ್ತನೆಯ ಕಿರುಚಿತ್ರಕ್ಕೆ ಬಂದಿದ್ದಾನೆ. ಮೂವತ್ತರಲ್ಲೂ ಒಬ್ಬರೂ ನಗುವುದಿಲ್ಲ. ಎಲ್ಲರೂ ಕಿಟಕಿಯ ಹೊರಗೆ ನೋಡುತ್ತಾರೆ, ಪಿಯಾನೊ ಕೆಟ್ಟ ನಲ್ಲಿಯಂತೆ ಒಂದೊಂದೇ ಹನಿ ತೊಟ್ಟಿಕ್ಕುತ್ತದೆ. ಕಿಟಕಿಯ ಹೊರಗೆ ಏನಿದೆ ಎಂದು ಪುಣ್ಯಾತ್ಮ ಒಂದು ಸಲವೂ ತೋರಿಸಿಲ್ಲ. ಇರುವುದು ಪಕ್ಕದ ಕಟ್ಟಡದ ಕಕ್ಕಸಿನ ಪೈಪು.

ಲಿಫ್ಟಿನವನು ನೆನಪಿದ್ದಾನೆಯೇ? ಒಂದು ಗಂಟೆಯ ಚಿತ್ರೀಕರಣದಲ್ಲಿ ಹನ್ನೊಂದು ಜೋಕು ಹೇಳಿದ್ದ. ನಗು ತಡೆಯಲಾಗದೆ ನನ್ನ ಮೈಕು ಅಲುಗಾಡಿತ್ತು. ಚಿತ್ರದಲ್ಲಿ ಉಳಿದದ್ದು ಅವನು ಗೋಡೆಗೆ ಹಣೆ ಒರಗಿಸಿದ ನಾಲ್ಕು ಸೆಕೆಂಡು, ಅದೂ ಎಳೆದೆಳೆದು ಇಪ್ಪತ್ತು ಸೆಕೆಂಡು ಮಾಡಿದ್ದು. ಪ್ರದರ್ಶನಕ್ಕೆ ಹೆಂಡತಿ ಮಕ್ಕಳನ್ನು ಕರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ನನ್ನ ಕಿವಿಯ ಹತ್ತಿರ ಬಾಗಿ, "ಸಾರ್, ನಾನು ಮಾತಾಡೋದು ಯಾವಾಗ ಬರುತ್ತೆ?" ಎಂದ. ಅಷ್ಟರಲ್ಲಿ ದೀಪ ಹತ್ತಿ ಜನ ಚಪ್ಪಾಳೆ ತಟ್ಟುತ್ತಿದ್ದರು. ಆ ಹನ್ನೊಂದು ಜೋಕಿಗೂ ಕತ್ತರಿ ಹಾಕಿದ ಪಾಪಿ ನೀನೇ ತಾನೇ? ಗಡ್ಡ ಹೇಳಿದ, ನೀನು ಮಾಡಿದೆ. ನಾನೂ ಹಾಗೇ, ಅದಕ್ಕೇ ನಿನ್ನನ್ನು ಹೆಚ್ಚು ಬೈಯುವುದಿಲ್ಲ.

ಗಡ್ಡ ಬಂದವನೇ ಬಾಗಿಲಲ್ಲಿ ನನ್ನನ್ನು ತಬ್ಬಿಕೊಂಡ. ಅವನ ಮೈಯಿಂದ ಒಂದು ಅಂಗಡಿಯಷ್ಟು ಸುಗಂಧ. ಸಂತಾಪ ಎರಡು ನಿಮಿಷದಲ್ಲಿ ಮುಗಿಯಿತು. ಆಮೇಲೆ ಕಣ್ಣು ಅಡುಗೆಮನೆಯತ್ತ ಹರಿಯಿತು.

"ಸಾರ್, 'ಒಬ್ಬನ ಅಡುಗೆಮನೆ' ನೆನಪಿದೆಯಲ್ಲ?"

ನೆನಪಿರದೆ! ನೀನು ಜೋಡಿಸಿದ ಕೊನೆಯ ಚಿತ್ರ, ಅವನಿಗೆ ಪ್ರಶಸ್ತಿ ತಂದುಕೊಟ್ಟಿದ್ದು. ಒಂಟಿಯಾಗಿ ಬದುಕುವ ಒಬ್ಬ ನಿವೃತ್ತ ಅಂಚೆಯವನನ್ನು ಹಿಡಿದು ತಂದಿದ್ದ. ಆದರೆ ಆ ಅಂಚೆಯವನ ಅಡುಗೆಮನೆಗೆ ಹೋಗಿ ನೋಡಿದರೆ ಐದು ಜನ ನೆರೆಯವರು ಇಸ್ಪೀಟು ಆಡುತ್ತಾ ಕೂತಿದ್ದರು. "ಇಲ್ಲಿ ಒಂಟಿತನ ಇಲ್ಲ" ಎಂದು ಗಡ್ಡ ಮುಖ ಸಿಂಡರಿಸಿದ. ಅಂಚೆಯವನನ್ನು ನನ್ನ ಮನೆಗೆ ಕರೆತಂದು, ನನ್ನ ಒಲೆಯ ಮುಂದೆ ನಿಲ್ಲಿಸಿ ಮೊಟ್ಟೆ ಬೇಯಿಸಲು ಹೇಳಿದ. ಸಾಕ್ಷ್ಯಚಿತ್ರ ಅಂದರೆ ಇದು ನೋಡು! ಎರಡು ಲೋಟಗಳಲ್ಲಿ ಒಂದನ್ನು ಬಚ್ಚಿಟ್ಟವನು ನಾನು. ಬಾಗಿಲ ಬಳಿಯ ಅವಳ ಚಪ್ಪಲಿ, ಕಿಟಕಿಯ ಮೇಲಿದ್ದ ಅವಳ ಕೂದಲಿನ ಕ್ಲಿಪ್ಪು, ಮೊಳೆಗೆ ನೇತುಹಾಕಿದ್ದ ಏಪ್ರನ್, ಎಲ್ಲ ತೆಗೆದು ಮಂಚದ ಕೆಳಗೆ ತಳ್ಳಿದವನೂ ನಾನೇ. ಅವಳು ಮಲಗುವ ಕೋಣೆಯಲ್ಲಿ ಕೂತು, "ನಾನೂ ಮಂಚದ ಕೆಳಗೇ ಹೋಗ್ಲಾ?" ಎಂದು ನಕ್ಕಿದ್ದಳು. ಅದು ಹೋದ ವರ್ಷ ಜುಲೈ.

ಗಡ್ಡ ಈಗ ಹೇಳುತ್ತಾನೆ, "ಅದರ ಎರಡನೇ ಭಾಗ ಮಾಡೋಣ ಸಾರ್. ಅದೇ ಅಡುಗೆಮನೆ. ಈ ಸಲ ನೀವೇ. ಈಗ ಏನೂ ಬಚ್ಚಿಡಬೇಕಾಗಿಲ್ಲವಲ್ಲ."

ಮಾತು ಕೇಳಿಸಿತೇ ನಿನಗೆ? ಏನೂ ಬಚ್ಚಿಡಬೇಕಾಗಿಲ್ಲವಂತೆ.

"ಮೇಡಂ ಕೊನೇವರೆಗೂ ಏನೂ ಹೇಳ್ಕೊಳ್ಳಲಿಲ್ಲ ಅಂತ ನೀವೇ ಅವತ್ತು ಹೇಳಿದ್ರಿ. ಅದೇ ನಮ್ಮ ಕಥೆ ಸಾರ್. ಮೌನ" ಎಂದು ಎರಡು ಕೈಯಿಂದ ಚೌಕಟ್ಟು ಮಾಡಿ ನನ್ನ ಒಲೆಯನ್ನು ನೋಡಿದ.

ಹೌದು, ಹಾಗೆಂದು ಎಲ್ಲರಿಗೂ ಹೇಳಿದ್ದೇನೆ. ಡಿಸೆಂಬರಿನಲ್ಲಿ ಡಾಕ್ಟರಮ್ಮ ವರದಿ ಹಿಡಿದು, "ಐದಾರು ತಿಂಗಳಿಂದ ನೋವಿದ್ದಿರ್ಬೇಕು. ನಿಮಗೆ ಹೇಳ್ಲೇ ಇಲ್ವಾ?" ಎಂದಾಗ, "ಹೇಳ್ಕೊಳ್ಳೋ ಸ್ವಭಾವ ಅಲ್ಲ ಅವಳದ್ದು" ಎಂದೆ. ಪಕ್ಕದ ಕುರ್ಚಿಯಲ್ಲಿ ಅವಳು ಕೂತಿದ್ದಳು. ನನ್ನ ಮುಖ ನೋಡಿದಳು. ಫೆಬ್ರವರಿಯಲ್ಲಿ ಹೋದಳು. ಸಾವಿಗೆ ಬಂದವರಿಗೆಲ್ಲ ಅದೇ ಮಾತು ಹೇಳಿದೆ, ಅವರೂ ಅಯ್ಯೋ ಎಂಥ ಸಹನೆ ಎಂದರು.

ಗಡ್ಡನನ್ನು ಎಬ್ಬಿಸಿ ಹೊರಗೆ ಕಳಿಸಿದೆ. ಹೊಡೆಯಲಿಲ್ಲ, ಬೈಯಲೂ ಇಲ್ಲ. "ನಿನ್ನ ಮೂವತ್ತು ಚಿತ್ರಕ್ಕಿಂತ ಆ ಲಿಫ್ಟಿನವನ ಒಂದು ಜೋಕು ಮೇಲು" ಎಂದೆ ಅಷ್ಟೇ. ಅವನು ಮೆಟ್ಟಿಲಿಳಿಯುತ್ತಾ ಫೋನಿನಲ್ಲಿ ತನ್ನ ಸಹಾಯಕಿಗೆ, "ದುಃಖದಲ್ಲಿದ್ದಾರೆ, ಮುಂದಿನ ತಿಂಗಳು ಕೇಳೋಣ" ಎನ್ನುವುದು ಕೇಳಿಸಿತು. ಇಂಥ ಚರ್ಮಕ್ಕೆ ಯಾವ ಮಾತು ನಾಟುತ್ತದೆ ಹೇಳು. ಇನ್ನು ಅವನ ಕೆಲಸ ಮಾಡುವುದಿಲ್ಲ.

ಈಗ ನನ್ನ ಕೋರಿಕೆ. ಆ ಜುಲೈ ದಿನದ ಕ್ಯಾಮೆರಾ ಧ್ವನಿ ಬೇಕು. ನಮ್ಮ ಕ್ಯಾಮೆರಾದವನು ಶಾಟ್ ಮುಗಿದರೂ ಆಫ್ ಮಾಡಲು ಮರೆಯುವ ಆಸಾಮಿ, ಸ್ಟ್ಯಾಂಡಿನ ಮೇಲೆ ಅದರ ಪಾಡಿಗೆ ಅದು ಓಡುತ್ತಲೇ ಇತ್ತು. ಕ್ಯಾಮೆರಾದ ಸಣ್ಣ ಮೈಕಿನ ಧ್ವನಿ ಗೊಗ್ಗರು, ಎಲ್ಲರೂ ಎಸೆಯುತ್ತಾರೆ. ನೀನು ಮಾತ್ರ ಬಿಸಾಡಲಾರದ ಜಿಪುಣ. ಟ್ರಂಕಿನಲ್ಲಿ 'ಒಬ್ಬನ ಅಡುಗೆಮನೆ' ಎಂದು ಬರೆದ ಡಿಸ್ಕು ಇದ್ದರೆ ಕಳಿಸು. ಗೊಗ್ಗರಾದರೂ ಸರಿ.

ಮಗಳಿಗೂ ಅಳಿಯನಿಗೂ ನನ್ನ ನೆನಪು ಹೇಳು. ಕನ್ನಡಕದ ಕಳ್ಳಿ ನೂರು ವರ್ಷ ಬಾಳಲಿ, ಬಾಯ್ತುಂಬ ಮಾತಾಡಿಕೊಂಡು ಬಾಳಲಿ. ಅವಳು ಮಾತಾಡುವಾಗ ಸುಮ್ಮನಿರು ಎನ್ನಬೇಡ.

ನಿನ್ನ
ಕಿವಿ

ಮಡಿಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ನಾದಿನಿಗೆ ಹೇಳಿದ್ದು ಸುಳ್ಳು, ಮೇಲೆ ನಿನಗೆ ಬರೆದದ್ದೂ ಸುಳ್ಳು. ಒಂದು ಸಿಕ್ಕಿದೆ. ಎಲ್ಲಿ ಚಿತ್ರೀಕರಣ ಮಾಡಿದರೂ ಹೊರಡುವ ಮುಂಚೆ ಆ ಕೋಣೆಯ ಖಾಲಿ ಸದ್ದು ಒಂದು ನಿಮಿಷ ಹಿಡಿದು ತಾ, ತೇಪೆ ಹಾಕಲು ಬೇಕು ಎಂದು ನನ್ನ ಪ್ರಾಣ ತಿನ್ನುತ್ತಿದ್ದೆಯಲ್ಲ, ಆ ದಿನದ ಆ ನಿಮಿಷ. ಅದರ ಮೊದಲಲ್ಲಿ ಅವಳು ಕೋಣೆಯಿಂದ ಎದ್ದು ಬಂದಿದ್ದಾಳೆ. "ರೀ, ನಂಗೆ ಬೆಳಗ್ಗಿಂದ" ಎನ್ನುತ್ತಾಳೆ. ಅಷ್ಟಕ್ಕೆ ನನ್ನ ದನಿ, "ಏಯ್, ಒಂದು ನಿಮಿಷ ನೀನು ಇಲ್ಲದ ಹಾಗೆ ಇರು." ಆಮೇಲೆ ಫ್ರಿಜ್ಜಿನ ಗುಂಯ್ ಅನ್ನುವ ಸದ್ದು, ಅರವತ್ತು ಸೆಕೆಂಡು. ಅವಳು ಅಲ್ಲೇ ನಿಂತಿದ್ದಾಳೆ, ಉಸಿರೂ ಕೇಳಿಸದ ಹಾಗೆ. ಕೊನೆಗೆ ನಾನು "ಸಾಕು" ಎಂದು ಯಂತ್ರ ನಿಲ್ಲಿಸಿದ್ದೇನೆ.

ಆಮೇಲೆ ಅವಳು ಮಾತು ಮುಗಿಸಿದಳೇ? ನನಗೆ ನೆನಪಿಲ್ಲ. ನಾನು ವೈರು ಸುತ್ತುತ್ತಿದ್ದೆ. ಕ್ಯಾಮೆರಾ ಓಡುತ್ತಿತ್ತು. ಉಪ್ಪು ಮುಗಿದಿದೆ ಎಂದೋ, ಹಸಿವಾಗುತ್ತಿದೆ ಎಂದೋ ಹೇಳಿದ್ದರೆ ನಾನು ಬದುಕಿದೆ. ನೋವು ಎಂದಿದ್ದರೆ, ನನ್ನ ಮನಸ್ಸು ನೋಯುತ್ತದೆ ಎಂದು ನೀನು ಆ ಭಾಗ ತೆಗೆದು ಕಳಿಸುವವನೇ. ಬೇಡ. ಒಂದು ಸಲ ನಾನು ಅವಳ ಬಾಯಿ ಮುಚ್ಚಿಸಿದ್ದು ಸಾಕು. ಏನಿದ್ದರೂ ಕತ್ತರಿಸಬೇಡ.